ಕೆನ್ನೆಗೊತ್ತಿದ ಚಪ್ಪಲಿ

ದೊಡ್ಡಬಳ್ಳಾಪುರದಲ್ಲಿ ನನ್ನ ಹಿಮ್ಮಡಿ ನೋವಿಗೆಂದು ಪಾದದ ಅಚ್ಚು ತೆಗೆದು, ಒಳಗೆ ಮೆತ್ತೆಯಿಟ್ಟು ಚಪ್ಪಲಿ ಮಾಡಿಕೊಟ್ಟವರೊಬ್ಬರಿದ್ದರು. ಮಾಡಿದ ಪ್ರತಿ ಜೊತೆಯನ್ನೂ ಕೆನ್ನೆಗೊತ್ತಿ ನೋಡಿ, "ಇದು ಚಪ್ಲಿ ಅಲ್ಲಮ್ಮಾ, ಔಷ್ದಿ" ಎನ್ನುತ್ತಿದ್ದರು.

ತಿಂಗಳಾದರೂ ನನ್ನ ನೋವು ಹೋಗಲಿಲ್ಲ. ಮತ್ತೆ ಅವರ ಬಳಿಗೇ ಹೋದೆ.

"ಮನೇಲಿ ಏನ್ ಹಾಕ್ಕೊಂತೀರಿ?"

"ಬರಿಗಾಲು. ಚಪ್ಲಿ ಒಳಗ್ ತಂದ್ರೆ ನಮ್ಮತ್ತೆ ನನ್ನೂ ಸೇರ್ಸಿ ಆಚೆಗ್ ಎಸೀತಾರೆ."

ಮರುವಾರ ಇನ್ನೊಂದು ಹೊಸ ಜೊತೆ ಹಿಡಿದು ಮನೆಗೇ ಬಂದುಬಿಟ್ಟರು! ಹೊಸಿಲಲ್ಲಿ ನಿಂತು, ಅತ್ತೆಯ ಕಣ್ಣೆದುರೇ ಅದನ್ನು ಕೆನ್ನೆಗೊತ್ತಿ, ಕಣ್ಣು ಮುಚ್ಚಿ, "ಔಷ್ದಿ ಕಣಮ್ಮಾ" ಎಂದರು. ಅತ್ತೆ ಸೆರಗು ಬಾಯಿಗಡ್ಡ ಹಿಡಿದು ನಕ್ಕೇ ನಕ್ಕರು.

ಕೆಲವೇ ದಿನಗಳಲ್ಲಿ ನಾನು ಆ ಚಪ್ಪಲಿ ಹಾಕಿಕೊಂಡು ನಡುಮನೆಯಲ್ಲಿ ಕುಣಿಯುತ್ತಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಚಪ್ಪಲಿಯೇ ಇಲ್ಲ.

"ಅತ್ತೆ, ನನ್ನ ಔಷ್ದಿ ನೋಡಿದ್ರಾ?"

ಅಡುಗೆಮನೆಯಿಂದ ಟಪಟಪ ಸದ್ದಿನ ಜೊತೆ ಉತ್ತರ ಬಂತು: "ನಾನ್ ತಗೊಂಡೆ ಕಣೇ!"