ಅಧ್ಯಕ್ಷರ ಆಯ್ಕೆಯ ದಿನ ಕೈಕಟ್ಟಿ ಕೂತ ಅತ್ತಿ

ಎದುರುಮನೆ ಅತ್ತಿಯ ಎಡಗೈ ತೋರುಬೆರಳಿನ ಉಗುರು ಯಾವಾಗಲೂ ಅರ್ಧ ಕಪ್ಪು. ಒಂದು ಚುನಾವಣೆಯ ಶಾಯಿ ಉಗುರಿನ ತುದಿ ಮುಟ್ಟುವಷ್ಟರಲ್ಲಿ ಬುಡದಲ್ಲಿ ಇನ್ನೊಂದರ ಗೆರೆ ಬಿದ್ದಿರುತ್ತಿತ್ತು. ರೊಟ್ಟಿ ಬಡಿಯುವಾಗ ಹಿಟ್ಟಿನ ಬಿಳುಪಿನಲ್ಲಿ ಅದೊಂದು ಬೆರಳು ಎದ್ದು ಕಾಣುತ್ತಿತ್ತು.

ಆಕೆ ನನಗೆ ಸಂಬಂಧಿಯಲ್ಲ. ಬಾಗೇವಾಡಿಯಿಂದ ಇಂಗಳೇಶ್ವರಕ್ಕೆ ಹೋಗುವ ದಾರಿಯ ಈ ಊರಿಗೆ ನಾನು ಸೊಸೆಯಾಗಿ ಬಂದಾಗ, ಬಾಯಿಬಿಡಲು ಅಂಜುತ್ತಿದ್ದ ನನ್ನನ್ನು ಮೊದಲು ಮಾತಾಡಿಸಿದವಳು. ನನ್ನ ಗಂಡ, ಅಂದರೆ ನಿಮ್ಮ ಅಜ್ಜ, ತೀರಿಕೊಂಡ ವರ್ಷವೇ ಚುನಾವಣೆ ಬಂತು. ನಾನು ಹೊಸಲು ದಾಟಲಾರೆ ಎಂದೆ. “ಗಂಡ ಹೋದ್ರ ಓಟೂ ಹೋಗ್ತೈತೇನ? ಸೆರಗು ಹೊದ್ಕೊ, ನಡಿ” ಎಂದು ರಟ್ಟೆ ಹಿಡಿದು ಕರೆದುಕೊಂಡು ಹೋದಳು.

ಮತದಾನದ ದಿನ ಓಣಿಯ ಹೆಂಗಸರನ್ನೆಲ್ಲ ಹೊರಡಿಸುವುದು ಆಕೆಯ ಕೆಲಸ. ಬರಬರುತ್ತ ಹೆಂಗಸರಿಗೆ ಬೇಸರ ಹಿಡಿಯಿತು. ಪಂಚಾಯ್ತಿ, ಸೊಸೈಟಿ, ಎಮ್ಮೆಲ್ಲೆ, ಎಂಪಿ, ಒಂದರ ಬೆನ್ನಿಗೆ ಒಂದು. “ಹಾಕಿ ಹಾಕಿ ಸಾಕಾಗೇತ್ರಿ ಅತ್ತಿ. ನಮ್ಮ ಓಣಿಗೆ ನೀರಂತೂ ಬರವಲ್ದು” ಎನ್ನುತ್ತಿದ್ದರು. “ನೀರು ಬರವಲ್ದಂತ ಕೊಡಾ ಒಡದು ಒಗೀತಿಯೇನ?” ಎಂದು ಅತ್ತಿ ಚುಚ್ಚುತ್ತಿದ್ದಳು.

ಆಕೆಯ ಸಿಟ್ಟೆಲ್ಲ ಅಧ್ಯಕ್ಷರನ್ನು ಆರಿಸುವ ರೀತಿಯ ಮೇಲೆ. ಪಂಚಾಯ್ತಿ ಅಧ್ಯಕ್ಷನನ್ನು ನಾವು ಆರಿಸುವುದಿಲ್ಲ, ಗೆದ್ದ ಸದಸ್ಯರು ಆರಿಸುತ್ತಾರೆ. ಎದುರು ಗುಂಪಿನವರು ಸೆಳೆದುಕೊಳ್ಳಬಾರದೆಂದು ಆ ದಿನದ ತನಕ ಸದಸ್ಯರನ್ನು ಜೀಪಿನಲ್ಲಿ ಎಲ್ಲಿಗಾದರೂ ಒಯ್ದು ಇಡುವುದು ಇಲ್ಲಿಯ ರೂಢಿ. “ನಾವು ಮೆಂಬರನ್ನ ಆರಸೂದು, ಮೆಂಬರ್ ಜೀಪ್ ಹತ್ತೂದು, ಜೀಪಿನಿಂದ ಅಧ್ಯಕ್ಷ ಇಳಿಯೂದು. ಎಮ್ಮಿ ಕೊಳ್ಳೂ ಮುಂದೂ ನಾಕು ಮಂದಿನ್ನ ಕೇಳ್ತೀವಿ” ಎನ್ನುತ್ತಿದ್ದಳು.

ನಮ್ಮ ವಾರ್ಡು ಹೆಂಗಸರಿಗೆ ಮೀಸಲಾಗಿ ಬಂದಾಗ ಅತ್ತಿಯೇ ನಿಂತಳು. ಮನೆಮನೆಯ ಬಾಗಿಲಿಗೆ ಹೋಗಿ ಹೇಳಿದ್ದು ಒಂದೇ ಮಾತು: “ನಿಮ್ಮನ್ನ ಕೇಳದ, ಅಧ್ಯಕ್ಷರ ಓಟು ಯಾರಿಗೂ ಹಾಕಂಗಿಲ್ಲ.” ಗೆದ್ದಳು. ಗೆದ್ದ ಮೇಲೆ ಆಕೆಯನ್ನೂ ಜೀಪಿಗೆ ಹತ್ತಿಸಿ ನಾಲತವಾಡದ ಕಡೆಯ ಯಾವುದೋ ತೋಟದ ಮನೆಯಲ್ಲಿಟ್ಟರು. ಆಯ್ಕೆಯ ಹಿಂದಿನ ದಿನ ಬಯಲಕಡೆಗೆ ಹೋಗಿಬರುವೆನೆಂದು ಹೇಳಿ ರಸ್ತೆಗೆ ಬಂದು, ಮುದ್ದೇಬಿಹಾಳದಲ್ಲಿ ಬಸ್ಸು ಬದಲಿಸಿ ಊರಿಗೆ ಬಂದುಬಿಟ್ಟಳು. ಬಂದವಳು ನೀರೂ ಕುಡಿಯಲಿಲ್ಲ. ಗಡಿಗೆಯೊಂದಕ್ಕೆ ಅರಿವೆ ಮುಚ್ಚಿಕೊಂಡು ಹನುಮಪ್ಪನ ಗುಡಿಕಟ್ಟೆಯ ಮೇಲೆ ಕೂತಳು.

ಹೆಂಗಸರ ಸಂಘದಲ್ಲಿ ಮುಖ್ಯಸ್ಥೆಯನ್ನು ಆರಿಸುವಾಗ ನಾವು ಹಾಗೇ ಮಾಡುತ್ತಿದ್ದೆವು. ಒಬ್ಬರಿಗೆ ಜೋಳ, ಇನ್ನೊಬ್ಬರಿಗೆ ತೊಗರಿ. ಅರಿವೆಯ ಕೆಳಗೆ ಕೈಹಾಕಿ ಒಂದು ಕಾಳು ಬಿಡುವುದು. ಈಗ ಅಧ್ಯಕ್ಷಗಿರಿಗೆ ನಿಂತ ಇಬ್ಬರಲ್ಲಿ ಜೋಳವೆಂದರೆ ನಮ್ಮ ಓಣಿಗೆ ನಳ ತರುವೆನೆಂದ ಕಿರಾಣಿ ಅಂಗಡಿಯವನು. ತೊಗರಿಯೆಂದರೆ ಮೇಲೋಣಿಯ ಸಾಹುಕಾರ.

ನಾನು ಹೋಗಿ ಕಾಳು ಬಿಟ್ಟೆ. ಇನ್ನು ಮೂರ್ನಾಲ್ಕು ಮುದುಕಿಯರು ಬಂದರು. ಬೇರೆ ಯಾರೂ ಬರಲಿಲ್ಲ. ಅತ್ತಿ ಎದ್ದು ಬಾಗಿಲುಗಳನ್ನು ಬಡಿದಳು. ಒಳಗಿನಿಂದಲೇ ಒಬ್ಬಳೆಂದಳು, “ಯಾರಾದ್ರೇನ್ರಿ ಅತ್ತಿ, ನಿಮಗ ತಿಳಿದಾಂವಗ ಹಾಕ್ರಿ. ಮತ್ತೊಂದು ಓಟಿಗೆ ನಮ್ಮನ್ನ ಕರೀಬ್ಯಾಡ್ರಿ.” ಗಡಿಗೆಯ ತಳವೂ ಮುಚ್ಚದ ಆ ಕಾಳುಗಳನ್ನು ಅತ್ತಿ ಉಡಿಗೆ ಸುರುವಿಕೊಂಡು, ಖಾಲಿ ಗಡಿಗೆ ಹೊತ್ತು ಮನೆಗೆ ನಡೆದಳು.

ಮರುದಿನ ಪಂಚಾಯ್ತಿ ಕಟ್ಟೆಯ ಮುಂದೆ ಮಂದಿ ಕೂಡಿತ್ತು. ಒಳಗಿನಿಂದ ಸುದ್ದಿ ಬಂತು: ಇಬ್ಬರಿಗೂ ಸಮ ಓಟು. ಅತ್ತಿ ಯಾರಿಗೂ ಹಾಕದೆ ಕೈಕಟ್ಟಿ ಕೂತಿದ್ದಾಳೆ. ಚೀಟಿ ಎತ್ತಿದರು. ಸಾಹುಕಾರನ ಹೆಸರು ಬಂತು. ಕೈಗೆ ಬಂದಿದ್ದ ನಳ ಒಂದು ಓಟಿನಲ್ಲಿ ಹೋಗಿತ್ತು.

ಅತ್ತಿ ಹೊರಗೆ ಬರುತ್ತಲೇ ಹೆಂಗಸರು ಮುತ್ತಿದರು. “ನಮ್ಮ ಬಾಯಾಗ ಮಣ್ಣು ಹಾಕಿದ್ರೆಲ್ಲ ಅತ್ತಿ.”

“ಕೇಳದ ಹಾಕಂಗಿಲ್ಲ ಅಂದಿದ್ದೆ. ಕೇಳಾಕ ಬಂದೆ. ಬಾಗಲಾ ತಗೀಲಿಲ್ಲ ನೀವು.”

ನಾನು ಮೆಲ್ಲಗೆ, “ನಾ ಕಾಳು ಹಾಕಿದ್ದೆನಲ್ರಿ ಅತ್ತಿ” ಎಂದೆ.

“ನೀ ಹಾಕಿದಿ. ಓಣಿ ಅಂದ್ರ ನೀ ಒಬ್ಬಾಕೇನ?”

ಆಕೆ ಮಾಡಿದ್ದು ಸರಿಯೋ ತಪ್ಪೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಆ ಬೇಸಿಗೆಯೆಲ್ಲ ಮೇಲೋಣಿಯಿಂದ ನೀರು ಹೊತ್ತೆವು. ಟೊಂಕನೋವಿದ್ದರೂ ಅತ್ತಿಯೂ ಹೊತ್ತಳು. ದಾರಿಯಲ್ಲಿ ಆಕೆಯ ಜೊತೆ ಮಾತಾಡುತ್ತಿದ್ದವಳು ನಾನೊಬ್ಬಳೇ.

ಅವಧಿ ಮುಗಿಯುವ ಮೊದಲೇ ಒಂದು ಮುಂಜಾನೆ ಅತ್ತಿ ಒಲೆಯ ಮುಂದೆ ಕೂತಲ್ಲೇ ಹೋಗಿಬಿಟ್ಟಳು. ಮಾತು ಬಿಟ್ಟವರೂ ಬಂದು ಅತ್ತರು. ಆಕೆಯ ಜಾಗಕ್ಕೆ ಉಪಚುನಾವಣೆ ಬಂತು. ಹೊಸ ಹುಡುಗಿಯೊಬ್ಬಳು ಗಂಡನ ಜೊತೆ ಓಟು ಕೇಳಲು ಬಂದಾಗ, ಓಣಿಯ ಹೆಂಗಸರೆಲ್ಲ ನಮ್ಮ ಕಟ್ಟೆಗೆ ಕೂಡಿದ್ದರು.

“ಅಧ್ಯಕ್ಷರನ್ನ ಆರಸೂ ಮುಂದ ಜೀಪ್ ಹತ್ತತೀಯೋ, ನಮ್ಮನ್ನ ಕೇಳ್ತೀಯೋ?”

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಆ ದನಿ ನನ್ನದೆಂದು ನನಗೂ ತಿಳಿದದ್ದು ಆಗಲೇ.

“ಕೇಳ್ತಾಳ್ರಿ ಅವ್ವಾರ, ಕೇಳದ ಬಿಡತಾಳೇನ್ರಿ” ಎಂದು ಗಂಡ ನಗುತ್ತ ಹೇಳಿದ.

“ನೀ ಸುಮ್ಮಕಿರಪಾ. ಆಕಿ ಹೇಳಲಿ” ಎಂದೆ.