ಇಳಿಜಾರಿನ ಹಗ್ಗ

ಮುನಿರತ್ನಮ್ಮನ ವಿಷಯ ಕೇಳುವವರು ಮೊದಲು ಮೂಗು ಮುಚ್ಚಿಕೊಳ್ಳಬೇಕು. ತಪ್ಪು ಅವಳದಲ್ಲ. ಸಾವಿರದ ಒಂಬೈನೂರ ಎಪ್ಪತ್ತೈದರ ಸುಮಾರಿಗೆ ಅವಳ ಗಂಡ ಕದಿರಪ್ಪ ಹೊಸೂರು ಕಡೆಯ ಬೇರಿಕೆಯಲ್ಲಿ ರೇಷ್ಮೆ ನೂಲು ಬಿಚ್ಚಿದ ಮೇಲೆ ಉಳಿಯುವ ಬೆಂದ ಹುಳಗಳನ್ನು ಮೂಟೆ ಕಟ್ಟಿ, ಸೈಕಲ್ಲಿಗೆ ಹೇರಿ, ಶೂಲಗಿರಿ ದಾಟಿ ಕೆಳಗಿನ ಮಾವಿನ ತೋಪುಗಳಿಗೆ ಗೊಬ್ಬರಕ್ಕೆ ಒಯ್ಯುತ್ತಿದ್ದ. ಆ ಹುಳ ಕೊಳೆತರೆ ಹೊಟ್ಟೆಯೊಳಗಿನ ಕರುಳೇ ಬಾಯಿಗೆ ಬರುತ್ತದೆ.

ಇಳಿಜಾರಿಗೆ ಕದಿರಪ್ಪನ ಪಾಠ ಒಂದೇ: "ಮುಂದಿನ ಬ್ರೇಕು ಮುಟ್ಬಾರ್ದು. ಹಿಂದಿಂದು ಹಿಡಿ, ಬಿಡು, ಹಿಡಿ, ಬಿಡು. ಒಂದೇ ಸಮ ಅದುಮಿದ್ರೆ ರಬ್ಬರು ಸುಟ್ಟೋಗ್ತದೆ."

ಪಾಠವೇನೋ ಸರಿ. ಆದರೆ ಮೂಟೆಯಿಂದ ಜಿನುಗುವ ಹುಳದ ಎಣ್ಣೆ ಹಿಂದಿನ ರಿಮ್ಮಿಗೆ ಇಳಿದು, ಬ್ರೇಕು ಹಿಡಿಯುತ್ತಲೇ ಇರಲಿಲ್ಲ. ಅದಕ್ಕೆ ಅವನು ಕಂಡುಕೊಂಡ ಉಪಾಯ ಹೆಂಡತಿ. ಕ್ಯಾರಿಯರಿಗೆ ಹಗ್ಗ ಬಿಗಿದು ತುದಿಯನ್ನು ಅವಳ ಕೈಗೆ ಕೊಟ್ಟ. ಏರಿನಲ್ಲಿ ಅವಳು ತಳ್ಳಬೇಕು, ಇಳಿಜಾರಿನಲ್ಲಿ ಹಿಂದಕ್ಕೆ ಜಗ್ಗುತ್ತ ಓಡಬೇಕು. ಇಳಿಜಾರು ಬಂದ ಕೂಡಲೇ ದೊರೆ ಸೀಟು ಹತ್ತಿ ಕೂರುತ್ತಿದ್ದ.

ಹಗ್ಗಕ್ಕೂ ಎಣ್ಣೆ, ಅಂಗೈಗೂ ಎಣ್ಣೆ. ಸೀಗೆಪುಡಿ ಹಾಕಿ ಎಷ್ಟು ಉಜ್ಜಿದರೂ ಮುದ್ದೆ ಮುರಿದು ಬಾಯಿಗಿಟ್ಟರೆ ಅದೇ ವಾಸನೆ. ಊರಿನವರು ಮಾತ್ರ, "ಜೋಡಿ ಅಂದ್ರೆ ಹಿಂಗಿರ್ಬೇಕು" ಎಂದು ಹೊಗಳುತ್ತಿದ್ದರು. ಆ ಹೊಗಳಿಕೆಯೂ ಮೂಟೆಯಷ್ಟೇ ನಾರುತ್ತಿತ್ತು.

ಒಂದು ಸಲ ಹಗ್ಗ ಅವಳನ್ನು ಕೆಡವಿ ದರದರನೆ ಎಳೆದುಕೊಂಡು ಹೋಯಿತು. ಮಂಡಿ ಕಿತ್ತುಹೋಯಿತು. ಇನ್ನೊಮ್ಮೆ ಬಿದ್ದರೆ ಹಿಂದೆ ಬರುವ ಲಾರಿಯ ಗಾಲಿಯೇ ಗತಿ ಎಂದು ಅವಳಿಗೆ ಅರಿವಾಯಿತು. ಮುಂದಿನ ಸಲ ಇಳಿಜಾರಿನ ನೆತ್ತಿಯಲ್ಲಿ ನಿಂತಳು.

"ಇಳ್ದು ನಡ್ಕೊಂಡು ಬಾ. ಹ್ಯಾಂಡಲ್ಗೆ ಎದೆ ಕೊಟ್ಟು ತಡ್ಕೊ."

"ಸೈಕಲ್ ಇಟ್ಕೊಂಡು ನಡಿಯಾಕೆ ನಂಗೇನು ಹುಚ್ಚಾ? ಲಾರಿಯೋರು ನಗ್ತಾರೆ."

"ನನ್ ನೋಡಿ ನಗಾಕಿಲ್ವಾ?"

"ನಿನ್ನ ಯಾರು ನೋಡ್ತಾರೆ, ಹಿಡ್ಕೊ."

ರಸ್ತೆ ಬದಿಯಲ್ಲಿ ಯಾರೋ ಕಡಿದು ಬಿಟ್ಟಿದ್ದ ಜಾಲಿಯ ಕವಲುಕೊಂಬೆ ಬಿದ್ದಿತ್ತು. ಹಗ್ಗದ ತುದಿಯನ್ನು ಅದಕ್ಕೆ ಬಿಗಿದು, "ಹ್ಞೂ, ಹೊರಡು" ಎಂದಳು. ಅವನು ಹಿಂತಿರುಗಿ ನೋಡುವವನೇ ಅಲ್ಲ. ಕೊಂಬೆ ನೆಲ ಕೆರೆಯುತ್ತ, ಧೂಳೆಬ್ಬಿಸುತ್ತ ಸೈಕಲ್ಲನ್ನು ಮೆಲ್ಲಗೆ ಇಳಿಸಿತು. ಅವಳು ರಸ್ತೆಯ ಇನ್ನೊಂದು ಬದಿ ಹಿಡಿದು, ಗಾಳಿ ಬರುವ ಕಡೆಗೆ ಮುಖ ಮಾಡಿ ನಡೆದಳು.

ಕೆಳಗೆ ಚಹಾ ಅಂಗಡಿಯ ಮುಂದೆ ಕದಿರಪ್ಪ ಕೊಂಬೆಯನ್ನು ಕಾಲಲ್ಲಿ ಒದ್ದು ನೋಡುತ್ತಿದ್ದ. "ಪರ್ವಾಗಿಲ್ವೆ, ನಿನಗಿಂತ ವಾಸಿ. ಇನ್ಮೇಲೆ ಇಳಿಜಾರಿಗೆ ಇದೇ ಸಾಕು. ಏರಿಗೆ ಮಾತ್ರ ನೀನು ಬಾ."

ಮುನಿರತ್ನಮ್ಮ ಪಕ್ಕಕ್ಕೆ ಉಗುಳಿ, ಹೊಸೂರಿನ ಬಸ್ಸಿಗೆ ಕೈ ಅಡ್ಡ ಹಿಡಿದಳು.

ಆಮೇಲೆ ಹೊಸೂರಿನಾಚೆಯ ತಳಿ ಎಂಬ ಊರಿನ ತವರುಮನೆಯಲ್ಲಿ ಹುರುಳಿಕಾಯಿ ಬಿಡಿಸಿಕೊಂಡು ಬದುಕಿದಳು. ಯಾವಾಗ ಬರುತ್ತೀಯೆಂದು ಕದಿರಪ್ಪ ಹೇಳಿಕಳುಹಿಸಿದಾಗ, "ಮೈ ತೊಳ್ಕೊಂಡು, ಸೈಕಲ್ ಬಿಟ್ಟು, ನಡ್ಕೊಂಡು ಬಂದು ಕರೀಲಿ" ಎಂದಳು.

ತಳಿಗೆ ಏರುದಾರಿ. ಅವನು ಬರಲಿಲ್ಲ.