ಗಿರಿಜತ್ತೆಯ ಬಿದಿರು ಮೆಳೆ

ಸಾಗರದ ಸಂತೆಯಲ್ಲಿ ಮೊನ್ನೆ ಹೆಂಗಸೊಬ್ಬಳು ನೀರಿನ ಬಕೆಟ್ಟಿನಿಂದ ಹೆಚ್ಚಿದ ಕಳಲೆಯನ್ನು ಎತ್ತಿ ಎಲೆಗೆ ಹಾಕುತ್ತಿದ್ದಳು. ಎಳೆ ಬಿದಿರಿನ ಆ ಹುಳಿ ಹುಳಿ ವಾಸನೆ ಮೂಗಿಗೆ ಬಡಿದದ್ದೇ, ಹೊಸನಗರದ ಕಡೆಯ ನಮ್ಮ ಹಳೆಯ ಮನೆ, ಅದರ ಹಿಂದಿನ ಹಳ್ಳ, ಹಳ್ಳದ ದಂಡೆಯ ಬಿದಿರು ಮೆಳೆ, ಮೆಳೆಯ ಮುಂದೆ ಸೆರಗು ಸಿಕ್ಕಿಸಿ ನಿಂತ ಗಿರಿಜತ್ತೆ, ಎಲ್ಲ ಒಟ್ಟಿಗೇ ಕಣ್ಣೆದುರು ಬಂದವು.

ಅತ್ತೆ ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ತವರಿಗೆ ಬಂದವಳು. ಮೆಳೆ ಅವಳಿಗಿಂತ ಹಳೆಯದು. ಗೆಣ್ಣುಗೆಣ್ಣಿಗೂ ಕೊಕ್ಕೆಯಂಥ ಮುಳ್ಳು, ಒಳಗೆಲ್ಲ ಟೊಳ್ಳು. ಆದರೆ ಅದರ ಬೇರುಗಳು ಒಂದಕ್ಕೊಂದು ಹೆಣೆದುಕೊಂಡು, ಮಳೆಗಾಲದ ಹಳ್ಳ ನಮ್ಮ ಗದ್ದೆಗೆ ನುಗ್ಗದಂತೆ ದಂಡೆಯನ್ನು ಹಿಡಿದಿದ್ದವು. ಗಾಳಿ ಬೀಸಿದಾಗ ಗಳಗಳು ಉಜ್ಜಿಕೊಂಡು ಕಿರುಗುಟ್ಟುವ ಸದ್ದಿಲ್ಲದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಎಲೆಯೆಲ್ಲ ಉದುರಿ, ಮೆಳೆಯ ತುಂಬ ಹುಲ್ಲಿನ ತೆನೆಯಂಥ ಹೂ ಬಂತು. ಬಿದಿರು ಹೂಬಿಟ್ಟರೆ ಮನೆಗೆ ಕೇಡು ಎಂದು ಊರವರು ಅಪ್ಪನನ್ನು ಹೆದರಿಸಿದರು. ಅಪ್ಪ ಕತ್ತಿ ಹಿಡಿದು ಹೋದ. ಅತ್ತೆ ಅಡ್ಡ ನಿಂತಳು.

"ಕಡ್ದು ಸುಡ್ಬೇಕಂತೆ ಅಕ್ಕ. ಮನೆ ಹತ್ರ ಇರ್ಬಾರ್ದಂತೆ."

"ನಾನು ವಾಪಸ್ ಬಂದಾಗ್ಲೂ ಹಂಗೇ ಅಂದಿದ್ರು. ನನ್ನನ್ನೂ ಕಡ್ದು ಸುಡ್ತೀಯಾ?"

ಅಪ್ಪ ತಲೆ ತಗ್ಗಿಸಿ ಹಿಂದಿರುಗಿದ.

ಅತ್ತೆ ಮೆಳೆಯ ಬುಡ ಗುಡಿಸಿ ಸಗಣಿ ಸಾರಿಸಿದಳು. ಉದುರಿದ ಬಿದಿರಕ್ಕಿಯನ್ನು ಒಟ್ಟುಮಾಡಿ, ಕುಟ್ಟಿ, ಬೆಲ್ಲ ಹಾಕಿ ಪಾಯಸ ಮಾಡಿ, ಕೇಡಿನ ಮಾತಾಡಿದ್ದ ಮನೆಗಳಿಗೇ ಒಯ್ದಳು. "ಕೇಡು ಹೆಂಗಿದೆ, ತಿಂದು ಹೇಳಿ" ಎಂದು ಜಗುಲಿಯ ಮೇಲಿಟ್ಟು ಬಂದಳು. ಕೆಲವರು ತಿಂದರು, ಕೆಲವರು ದನಕ್ಕೆ ಹಾಕಿದರು. ಹೂಬಿಟ್ಟ ಬಿದಿರು ಬದುಕುವುದಿಲ್ಲ. ಮೆಳೆ ಪೂರ್ತಿ ಒಣಗಿತು. ಅತ್ತೆ ಅಳಲಿಲ್ಲ. ಕುಟ್ಟದೆ ಎತ್ತಿಟ್ಟಿದ್ದ ಬೀಜವನ್ನು ದಂಡೆಯುದ್ದಕ್ಕೂ ಚೆಲ್ಲಿದಳು. ಮಳೆ ಬಿದ್ದ ಮೇಲೆ ಭತ್ತದ ಸಸಿಯಂತೆ ಎದ್ದ ಮೊಳಕೆಗಳ ಸುತ್ತ, ಸತ್ತ ಮೆಳೆಯ ಮುಳ್ಳನ್ನೇ ಬೇಲಿ ಕಟ್ಟಿ ದನಗಳನ್ನು ತಡೆದಳು.

ಅವು ಆಳೆತ್ತರ ದಾಟುವ ಹೊತ್ತಿಗೆ ಅತ್ತೆ ತೀರಿಕೊಂಡಿದ್ದಳು. ಆಮೇಲೆ ಆಸ್ತಿ ಹಿಸೆಯಾಗಿ, ಮನೆಯನ್ನೂ ಕೆಡವಿದೆವು.

ಸಂತೆಯಿಂದ ನೇರ ಅಲ್ಲಿಗೇ ಹೋದೆ. ದಂಡೆಯ ತುಂಬ ಬಿದಿರು, ಯಾರ ಅಪ್ಪಣೆಯನ್ನೂ ಕೇಳದೆ ಬೆಳೆದು ನಿಂತಿತ್ತು. ಈಗ ಆ ಗದ್ದೆ ಮಾಡುತ್ತಿರುವ ನನ್ನ ತಮ್ಮ, "ಜಾಗ ತಿಂತದೆ ಅಕ್ಕ, ತೆಗೆಸ್ಬೇಕು ಅಂತಿದೀನಿ" ಎಂದ.

"ಮುಟ್ಟಿ ನೋಡು" ಎಂದೆ. ಅವನು ನನ್ನ ಮುಖ ನೋಡಿ ಗದ್ದೆಯ ಕಡೆ ನಡೆದ.

ಅವನು ಹೋದ ಮೇಲೆ, ಮನೆಯಿದ್ದ ಕಡೆ ತಿರುಗಿ ಮೆಲ್ಲಗೆ "ಅತ್ತೆ" ಎಂದೆ. ಬದುಕಿದ್ದಾಗ, ಕರೆದ ಕೂಡಲೇ ಬೈಯುತ್ತಲೇ ಹೊರಗೆ ಬರುತ್ತಿದ್ದಳು.